ಬಿಳಿಯರ ಸಾಲಿನ ಕೈದಿ

ಥರ್ಮನ್ ಗೇನ್ಸ್‌ನ ಮೈಬಣ್ಣ ನಮ್ಮಿಬ್ಬರಿಗೂ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಅವನ ತಾಯಿ ನನ್ನಷ್ಟೇ ಕಪ್ಪು. ತಂದೆಯ ಕಡೆಯ ಯಾವ ಮುತ್ತಜ್ಜಿಗೆ ಯಾವ ತೋಟದ ಯಜಮಾನ ಮಾಡಿದ ಅನ್ಯಾಯವೋ, ತಲೆಮಾರುಗಳನ್ನು ದಾಟಿ ಬಂದು ಇವನ ಮುಖದ ಮೇಲೆ ಕೂತಿತ್ತು. ಬೂದು ಕಣ್ಣು, ನೆಟ್ಟಗಿನ ಕಂದು ಕೂದಲು, ಬಿಸಿಲಿಗೆ ಹೋದರೆ ಕೆಂಪಾಗುವ ಮೂಗು. ಗೊತ್ತಿಲ್ಲದವರು ಯಾರು ನೋಡಿದರೂ ಬಿಳಿಯನೆಂದೇ ಹೇಳುತ್ತಿದ್ದರು. ಅವನು ನಮ್ಮವನೆಂದು ಗೊತ್ತಿದ್ದದ್ದು ರೈಲು ಹಳಿಯ ಈಚೆಗಿದ್ದ ನಮಗೆ ಮಾತ್ರ.

ಬಿಳಿಯರಿಗೂ ಕರಿಯರಿಗೂ ಕಾನೂನೇ ಎಲ್ಲವನ್ನೂ ಬೇರೆ ಮಾಡಿಟ್ಟಿದ್ದ ಕಾಲ ಅದು. ನಮ್ಮ ಮಾರ್ಲೋ ಊರಿನಲ್ಲಿ ಕರಿಯರ ಕಾಲೇಜು ಹಳಿಯ ಈಚೆ, ಪೇಟೆ ಆಚೆ. ಈಚೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಕಾಗದದ ಪೊಟ್ಟಣದಿಂದ ಹುರಿದ ಮೀನು ತಿನ್ನುತ್ತಿದ್ದೆವು. ಹಳಿ ದಾಟಿದ ಕೂಡಲೇ ಅವನು ರಸ್ತೆಯ ಆ ಬದಿ, ನಾನು ಈ ಬದಿ. ಬಿಳಿ ಹುಡುಗನೊಬ್ಬ ಕರಿ ಹುಡುಗಿಯ ಜೊತೆ ನಗುತ್ತ ನಡೆದರೆ ಪೊಲೀಸರು ಅವಳನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಬರೆಯಲು ನನಗೆ ಇಂದಿಗೂ ಮನಸ್ಸಿಲ್ಲ. ಒಂದು ಸಲ ಬಸ್ಸಿನಲ್ಲಿ ಅವನು ಹಟ ಹಿಡಿದು ನನ್ನ ಹಿಂದೆಯೇ ಬಂದು ಕರಿಯರಿಗೆಂದು ಬಿಟ್ಟಿದ್ದ ಕೊನೆಯ ಸೀಟಿನಲ್ಲಿ ಕೂತ. ಡ್ರೈವರ್ ಬಸ್ಸನ್ನೇ ನಿಲ್ಲಿಸಿದ.

"ಅದು ಅವರ ಜಾಗ ಸ್ವಾಮಿ. ನೀವು ಮುಂದೆ ಬನ್ನಿ."

"ನಾನೂ ಅವರೇ ಕಣಯ್ಯ," ಎಂದ ಥರ್ಮನ್.

"ಬೆಳ್ಳಂಬೆಳಿಗ್ಗೆ ಹಾಕ್ಕೊಂಡ್ ಬಂದಿದೀರಾ? ಬನ್ನಿ, ಬನ್ನಿ, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಿ."

ಹಿಂದಿನ ಸೀಟಿನ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಅವನು ಎದ್ದು ಮುಂದೆ ಹೋಗಿ ಕೂತು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಾಗ ನಗು ನಿಂತಿತು. ನಾನು ಕೇಳಿಕೊಂಡಿದ್ದು ಬೆಟ್ಟದಷ್ಟೇನಲ್ಲ. ಪೇಟೆಯ ನಡುವೆ, ಹಾಡುಹಗಲಿನಲ್ಲಿ, ನಾಲ್ಕು ಜನರ ಕಣ್ಣೆದುರು ಅವನ ಪಕ್ಕದಲ್ಲಿ ಕೂರಬೇಕು, ಅವನತ್ತ ತಿರುಗಿ ಮಾತಾಡಬೇಕು. ಬೇರೆ ಹುಡುಗಿಯರಿಗೆ ಪುಕ್ಕಟೆ ಸಿಗುತ್ತಿದ್ದ ಇದಕ್ಕಾಗಿ ನನ್ನ ಜೀವ ಹಂಬಲಿಸುತ್ತಿತ್ತು.

ಆ ವರ್ಷ ನಮ್ಮ ಕಾಲೇಜಿನವರು ಪೇಟೆಯ ದೊಡ್ಡ ಅಂಗಡಿಯ ತಿಂಡಿ ಕೌಂಟರಿನಲ್ಲಿ ಹೋಗಿ ಕೂರುವುದೆಂದು ತೀರ್ಮಾನಿಸಿದರು. ಆ ಅಂಗಡಿಯಲ್ಲಿ ನಾವು ಸೋಪು, ಸೂಜಿ, ಕಾಲುಚೀಲ ಕೊಳ್ಳಬಹುದಿತ್ತು. ಕೌಂಟರಿನ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುವಂತಿರಲಿಲ್ಲ. ಕೂರುವ ಮೊದಲು ಕಲಿಯಬೇಕಾದದ್ದು ಬಹಳವಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಮಧ್ಯಾಹ್ನದ ಹೊತ್ತು ನಮಗೆ ತಾಲೀಮು. ಅರ್ಧ ಜನ ಕೂರುವವರು, ಅರ್ಧ ಜನ ಬಂದು ಬೈಯುವ ಬಿಳಿಯರು. ಬೈಸಿಕೊಳ್ಳುವವರು ಬಾಯಿ ಬಿಡಬಾರದು, ಕೈ ಎತ್ತಬಾರದು, ತಿರುಗಿ ನೋಡಬಾರದು. ತಾಲೀಮಿನ ಮೇಷ್ಟ್ರು ಓಡೆಲ್. ಪಾದ್ರಿಯಾಗಲು ಓದುತ್ತಿದ್ದ ಹುಡುಗ, ಆದರೆ ಸಿಟ್ಟು ಮಾತ್ರ ದೇವರಿಗೆ ಬಿಟ್ಟುಕೊಟ್ಟಿರಲಿಲ್ಲ.

ಬಿಳಿಯನ ಪಾತ್ರಕ್ಕೆ ಥರ್ಮನ್‌ಗಿಂತ ಲಾಯಕ್ಕಾದವನು ಬೇರೆ ಯಾರು? ಅವನು ಬಂದು ನನ್ನ ಕುರ್ಚಿ ಒದ್ದ. ನನ್ನನ್ನು ಕೋತಿ ಎಂದ. ನನ್ನ ತಲೆಯ ಮೇಲೆ ನೀರು ಸುರಿದ. ಆಮೇಲೆ ಬಗ್ಗಿ ಕಿವಿಯಲ್ಲಿ, "ಸಾರಿ ಕಣೇ ವರ್ಲೀನ್," ಎಂದ.

ಓಡೆಲ್ ಕೇಳಿಸಿಕೊಂಡುಬಿಟ್ಟ. "ಸಾರಿ ಅನ್ನೋ ಬಿಳಿಯನ್ನ ಎಲ್ಲೋ ನೋಡಿದೀಯ ನೀನು? ಮೊದಲಿಂದ ಮಾಡು."

"ನನ್ ಕೈಲಾಗಲ್ಲ. ನಾನೂ ಕೂರ್ತೀನಿ ಓಡೆಲ್. ಇವಳ ಪಕ್ಕದಲ್ಲಿ ಕೂರ್ತೀನಿ."

"ನೀನ್ ಕೂತ್ರೆ ಅವರು ಕಾಫಿ ತಂದಿಟ್ಟು ಸಕ್ಕರೆ ಎಷ್ಟು ಅಂತ ಕೇಳ್ತಾರೆ ಕಣೋ. ಅಲ್ಲಿಗೆ ನಮ್ಮ ಹೋರಾಟ ಮುಗೀತು, ಎಲ್ಲಾರೂ ಮನೆಗೆ ಹೋಗೋಣ."

ನೆಲಮಾಳಿಗೆ ತುಂಬ ನಗು. ಥರ್ಮನ್ ನಗಲಿಲ್ಲ. ಓಡೆಲ್ ಅವನ ಹೆಗಲ ಮೇಲೆ ಕೈ ಹಾಕಿ ಅವನ ಕೆಲಸ ಹೇಳಿದ. ಪಕ್ಕದ ಜಿಲ್ಲೆಯಲ್ಲಿ ಹೀಗೆಯೇ ಕೂತ ಹುಡುಗರನ್ನು ಪೊಲೀಸರು ಎಲ್ಲಿಗೋ ಸಾಗಿಸಿದ್ದರು. ಅವರಲ್ಲೊಬ್ಬ ಎಲ್ಲಿದ್ದಾನೆಂದೇ ಬಹುಕಾಲ ತಿಳಿದಿರಲಿಲ್ಲ. ಸಿಕ್ಕಾಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ ಕೌಂಟರಿನಲ್ಲಿ ನಮ್ಮವನೊಬ್ಬ ಬಿಳಿಯನಾಗಿ ಕೂತಿರಬೇಕು. ಯಾರನ್ನು ಯಾವ ಗಾಡಿಗೆ ಹತ್ತಿಸಿದರು, ಎಲ್ಲಿಗೆ ಒಯ್ಯುತ್ತೇವೆಂದರು ಎಂಬುದನ್ನು ನೋಡಿ, ಕೇಳಿ, ಕೂಡಲೇ ಚರ್ಚಿಗೆ ಫೋನ್ ಮಾಡಬೇಕು.

"ಏನೇ ಆಗ್ಲಿ, ನಾವ್ಯಾರೂ ನಿನಗೆ ಗೊತ್ತಿಲ್ಲ," ಎಂದ ಓಡೆಲ್. "ನಮ್ಮನ್ನ ಸಾಯಿಸ್ತಾ ಇದ್ರೂ ನೀನು ಕಾಫಿ ಕುಡೀತಾ ಇರ್ಬೇಕು. ನೀನ್ ಸಿಕ್ಕಿಬಿದ್ರೆ ನಮಗೆ ಹಿಂದೆ ಮುಂದೆ ಯಾರೂ ಇಲ್ಲ."

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಎಲ್ಲರೂ ಚರ್ಚಿಗೆ ಹಾಕುವ ಒಳ್ಳೆಯ ಬಟ್ಟೆ ಹಾಕಿದ್ದೆವು, ಕೈಯಲ್ಲಿ ಪಾಠದ ಪುಸ್ತಕ. ಓಜೆಲ್ಲಾ ಚಿಕ್ಕಮ್ಮ ಒಲೆಯಲ್ಲಿ ಕಾಯಿಸಿದ ಬಾಚಣಿಗೆಯಿಂದ ನನ್ನ ಕೂದಲನ್ನು ಹೊಗೆಯೇಳುವಂತೆ ನೆಟ್ಟಗೆ ಮಾಡಿದ್ದಳು. ಅಂಗಡಿಯೊಳಗೆ ಹೋದಾಗ ಥರ್ಮನ್ ಆಗಲೇ ಕೌಂಟರಿನ ತುದಿಯಲ್ಲಿ ಕೂತು ಸೇಬಿನ ಕಡುಬು ತಿನ್ನುತ್ತಿದ್ದ. ಓಡೆಲ್ ಮತ್ತು ಉಳಿದವರು ಸಿಕ್ಕ ಸಿಕ್ಕ ಸ್ಟೂಲು ಹಿಡಿದರು. ನಾನು ಹಿಂದೆ ಬಿದ್ದಿದ್ದೆ. ಖಾಲಿ ಉಳಿದದ್ದು ಥರ್ಮನ್‌ನ ಪಕ್ಕದ್ದು.

ಕೂತೆ. ಪೇಟೆಯ ನಡುವೆ, ಹಾಡುಹಗಲಿನಲ್ಲಿ, ನಾಲ್ಕಲ್ಲ ನಲವತ್ತು ಜನರ ಕಣ್ಣೆದುರು ಅವನ ಪಕ್ಕದಲ್ಲಿ ಕೂತೆ. ಅವನ ತೋಳಿನ ಬಿಸಿ ನನ್ನ ತೋಳಿಗೆ ತಾಗುವಷ್ಟು ಹತ್ತಿರ. ಅವನತ್ತ ತಿರುಗುವಂತಿರಲಿಲ್ಲ. ಕೌಂಟರಿನ ಹುಡುಗಿ ಓಡಿ ಬಂದು ಅವನಿಗೆ, "ಬೇರೆ ಕಡೆ ಜಾಗ ಮಾಡ್ಕೊಡ್ಲಾ ಸರ್?" ಎಂದಳು. "ಪರವಾಗಿಲ್ಲ, ತಿಂದು ಮುಗಿದಿಲ್ಲ ಇನ್ನೂ," ಎಂದ ಅವನು. ಆ ಕಡುಬನ್ನು ಅವನು ಎಷ್ಟು ನಿಧಾನ ತಿಂದನೆಂದರೆ, ಅಷ್ಟು ನಿಧಾನ ತಿನ್ನುವುದು ಪ್ರೀತಿಯಿದ್ದವನಿಗೆ ಮಾತ್ರ ಸಾಧ್ಯ ಎಂದುಕೊಂಡು ಆ ಭಯದಲ್ಲೂ ನನಗೆ ಸುಖವೆನಿಸಿತು.

ಸ್ವಲ್ಪ ಹೊತ್ತಿಗೆ ಪಡ್ಡೆ ಹುಡುಗರು ಬಂದರು. ಓಡೆಲ್‌ನ ಬಿಳಿ ಅಂಗಿಯ ಮೇಲೆ ಟೊಮೇಟೊ ಸಾಸ್ ಸುರಿದರು. ನನ್ನ ಹಿಂಗತ್ತಿಗೆ ಒಬ್ಬ ಸಿಗರೇಟು ಒತ್ತಿದ. ಹಲ್ಲು ಕಚ್ಚಿ ಪುಸ್ತಕ ನೋಡುತ್ತಿದ್ದೆ. ಅಷ್ಟರಲ್ಲಿ ಅವರಲ್ಲೊಬ್ಬ ಕೌಂಟರಿನ ಮೇಲಿದ್ದ ಸಕ್ಕರೆ ಸೀಸೆಯನ್ನು ಎತ್ತಿ ಥರ್ಮನ್‌ನ ಕೈಯಲ್ಲಿಟ್ಟ.

"ಪಕ್ಕದಲ್ಲೇ ಕೂತಿದಾಳೆ, ನೀನೂ ಒಂದು ಕೈ ನೋಡು ಗುರು. ಏನ್ ಹಂಗ್ ನೋಡ್ತೀಯ? ನೀನು ನಮ್ಮ ಕಡೆನೋ ಅವರ ಕಡೆನೋ?"

ಕೌಂಟರಿನ ಹಿಂದಿನ ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಸೀಸೆಯನ್ನೇ ನೋಡುತ್ತ ಕೂತಿದ್ದ. ಅವನು ಅದನ್ನು ಕೆಳಗಿಟ್ಟರೆ ಅವನನ್ನು ಅಲ್ಲೇ ಹೂತು ಹಾಕುತ್ತಿದ್ದರು. ನಮ್ಮನ್ನು ಎಲ್ಲಿಗೆ ಒಯ್ದರೆಂದು ಹೇಳುವವರು ಭೂಮಿಯ ಮೇಲೆ ಯಾರೂ ಇರುತ್ತಿರಲಿಲ್ಲ. ಸುರಿ ಥರ್ಮನ್, ಸುರಿದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದೇವರನ್ನು ನಾನು ಅಷ್ಟು ಗಟ್ಟಿಯಾಗಿ ಇನ್ನಾವುದಕ್ಕೂ ಬೇಡಿಕೊಂಡವಳಲ್ಲ.

ಅವನು ಸುರಿದ. ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಅಂಗೈಯನ್ನು ನನ್ನ ಹಣೆಗೆ ಅಡ್ಡ ಇಟ್ಟ, ಸಕ್ಕರೆ ಕಣ್ಣಿಗೆ ಬೀಳದ ಹಾಗೆ. ನನ್ನ ತಲೆಯನ್ನು ಅದುಮಿ ಹಿಡಿದಿದ್ದಾನೆಂದುಕೊಂಡು ಆ ಹುಡುಗರು ಚಪ್ಪಾಳೆ ತಟ್ಟಿದರು. ಹಳಿಯ ಆಚೆ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಪೊಲೀಸರು ಬಂದು ನಮ್ಮನ್ನು ಎಳೆದೊಯ್ದರು. ಕಾಟ ಕೊಟ್ಟ ಹುಡುಗರನ್ನು ಮನೆಗೆ ಕಳಿಸಿದರು. ಥರ್ಮನ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದ. ನಮ್ಮನ್ನು ಊರಾಚೆ ಸಾಗಿಸುವ ಮೊದಲೇ ನಮ್ಮ ಚರ್ಚಿನ ಪಾದ್ರಿಗಳು ವಕೀಲರ ಜೊತೆ ಜೈಲಿನ ಬಾಗಿಲಲ್ಲಿದ್ದರು. ಜಾಮೀನು ಬೇಡವೆನ್ನುವುದು ನಮ್ಮ ಪಣ. ಕೂತದ್ದು ತಪ್ಪಲ್ಲವೆಂದ ಮೇಲೆ ಜಾಮೀನು ಯಾಕೆ? ಒಂದು ತಿಂಗಳು ಒಳಗಿದ್ದೆವು. ಆ ತಿಂಗಳೆಲ್ಲ ನಾನು ಮಾಡಿದ್ದು ಒಂದೇ ಕೆಲಸ. ಹೊರಗೆ ಹೋದ ಮೇಲೆ ಅವನಿಗೆ ಹೇಳಬೇಕಾದ ಮಾತನ್ನು ಹೊಂದಿಸುವುದು. ಕೋಪ ಇಲ್ಲ ಕಣೋ, ನೀನು ಸುರಿಯಲಿ ಅಂತಲೇ ಬೇಡಿಕೊಳ್ಳುತ್ತಿದ್ದೆ, ಎಂದು ಹೇಳಬೇಕು. ಬೇರೆ ಬೇರೆ ಥರ ಹೇಳಿ ನೋಡಿದೆ. ಪಕ್ಕದಲ್ಲಿ ಮಲಗುತ್ತಿದ್ದವಳು, "ಯಾರ ಜೊತೆ ಗೊಣಗ್ತೀಯೇ ಮಾರಾಯ್ತಿ?" ಎಂದು ರೇಗಿದಳು.

ಹೊರಗೆ ಬಂದಾಗ ಬಾಗಿಲಲ್ಲಿ ಚಿಕ್ಕಮ್ಮ ಇದ್ದಳು, ಪಾದ್ರಿಗಳಿದ್ದರು, ಅರ್ಧ ಕಾಲೇಜೇ ಇತ್ತು. ಅವನಿರಲಿಲ್ಲ. ನಾವು ಒಳಗೆ ಹೋದ ವಾರವೇ ಹಾಸ್ಟೆಲು ಬಿಟ್ಟುಹೋದನಂತೆ. ಯಾರಿಗೂ ಏನೂ ಹೇಳಿರಲಿಲ್ಲ.

ಹತ್ತಿ ಗಿರಣಿಯ ಹಿಂದಿದ್ದ ಅವನ ಮನೆಗೆ ಹೋದೆ. ಅವನ ತಾಯಿ ಮಿಸೆಸ್ ಗೇನ್ಸ್ ಹಿತ್ತಲಿನಲ್ಲಿ ಬಿಳಿಯರ ಮನೆಗಳ ಬಟ್ಟೆ ಒಗೆದು ಹರವುತ್ತಿದ್ದರು. ನನ್ನನ್ನು ಒಳಗೆ ಕೂರಿಸಿ, ಜೋಳದ ರೊಟ್ಟಿ, ಬೇಯಿಸಿದ ಸೊಪ್ಪು ಮುಂದಿಟ್ಟು, ನಾನು ತಿಂದು ಮುಗಿಸಿದ ಮೇಲೆ ಹೇಳಿದರು.

"ಎಸ್ಟರ್ವಿಲ್ ಊರಿನ ಜೈಲಲ್ಲಿದಾನೆ ಕಣಮ್ಮ. ಅಲ್ಲಿ ನಮ್ಮ ಹುಡುಗರು ಕೌಂಟರಲ್ಲಿ ಕೂತಾಗ ಇವನೂ ಹೋಗಿ ಮಧ್ಯ ಕೂತ್ನಂತೆ. ನಾನೂ ನೀಗ್ರೋ, ನನಗೂ ಕಾಫಿ ಕೊಡಬೇಡಿ ಅಂದ್ನಂತೆ. ಯಾರ್ ನಂಬ್ತಾರೆ? ಯಾರೋ ಒಳ್ಳೆ ಮನೆ ಬಿಳಿ ಹುಡುಗ, ಸಹವಾಸದಿಂದ ಕೆಟ್ಟಿದಾನೆ ಅಂತ ಬಿಳಿಯರ ಸಾಲಲ್ಲಿ ಹಾಕಿದಾರೆ. ಅಲ್ಲಿನ ಕೈದಿಗಳು ಇವನನ್ನ ಜಾತಿಗೆಟ್ಟವನು ಅಂತ ದಿನಾ ಬಡೀತಾರಂತೆ. ಹತ್ತಿ ಬಿಡಿಸೋ ಕಾಲದವರೆಗೂ ಬಿಡಲ್ವಂತೆ."

"ನೀವು ನೋಡಿದ್ರಾ ಅವನನ್ನ?"

"ಹೋಗಿದ್ದೆ. ನಾನು ಅವನ ತಾಯಿ ಅಂದೆ. ಜೈಲರು ನನ್ನ ಮುಖ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕ." ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಡಿಸಿದರು. "ನನ್ನ ಮುಂದೇನೇ ಒಬ್ಬಳು ನಮ್ಮವಳು ಒಳಗೆ ಹೋದ್ಲು ಕಣಮ್ಮ. ಯಾರೋ ಬಿಳಿ ಕೈದಿ ಮನೆ ಕೆಲಸದವಳು, ಒಗೆದ ಬಟ್ಟೆ ತಂದಿದ್ಲು. ಅವಳನ್ನ ಬಿಟ್ರು. ಹೆತ್ತೋಳನ್ನ ಬಿಡ್ಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರ ಮುಖ ಜೈಲರಿಗೆ ಗೊತ್ತಾಗಿಬಿಟ್ಟಿತ್ತು. ನನ್ನದು ಗೊತ್ತಿರಲಿಲ್ಲ.

ಓಜೆಲ್ಲಾ ಚಿಕ್ಕಮ್ಮ ಬ್ಯಾಂಕು ಮ್ಯಾನೇಜರನ ಮನೆಯಲ್ಲಿ ಅಡುಗೆಗಿದ್ದವಳು. ತನ್ನ ಬೂದು ಬಣ್ಣದ ಸಮವಸ್ತ್ರ ಕೊಟ್ಟಳು, ಅದರ ಜೊತೆ ಸಾಕಷ್ಟು ಬೈಗುಳವನ್ನೂ ಕೊಟ್ಟಳು. ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ ತಾನೇ ಜೈಲರಾದಳು.

"ಆ ಗತ್ತು ಏನೇ ಅದು? ಕಾಲೇಜಿನ ಕತ್ತನ್ನ ಇಳಿಸು ಕೆಳಗೆ. ಕಣ್ಣು ನೋಡಬೇಡ, ಅಂಗಿ ಗುಂಡಿ ನೋಡು. ಮಾತಿಗೊಂದು ಸರ್ ಇರ್ಲಿ. ಅವನು ಸಾಹೇಬ, ನೀನು ಆಳು. ತಪ್ಪಿ ಥರ್ಮನ್ ಅಂದ್ಯೋ, ಇಬ್ಬರ ಕಥೆನೂ ಮುಗೀತು. ಬಿಳಿಯನಿಗೂ ನಮ್ಮ ಹುಡುಗಿಗೂ ಸಂಬಂಧ ಅಂದ್ರೆ ಈ ರಾಜ್ಯದಲ್ಲಿ ಜೈಲು, ಗೊತ್ತಾ?"

"ಅವನು ಬಿಳಿಯನಲ್ವಲ್ಲ ಚಿಕ್ಕಮ್ಮ."

"ಅದನ್ನ ಅವನ ಮುಖಕ್ಕೆ ಹೇಳು ಹೋಗು."

ಭಾನುವಾರ ಮಧ್ಯಾಹ್ನ ಎಸ್ಟರ್ವಿಲ್ ಜೈಲಿನ ಹಿತ್ತಲ ಬಾಗಿಲಿಗೆ ಹೋದೆ. ಮಿಸೆಸ್ ಗೇನ್ಸ್ ಇಸ್ತ್ರಿ ಮಾಡಿದ್ದ ಅಂಗಿಗಳು ಕೈಯಲ್ಲಿದ್ದವು. ಗೇನ್ಸ್ ಅವರ ಮನೆ ಕೆಲಸದವಳು ಸರ್, ಅಮ್ಮಾವ್ರು ಬಟ್ಟೆ ಕಳ್ಸಿದಾರೆ ಸರ್, ಎಂದೆ. ಜೈಲರ್ ಅಂಗಿಗಳನ್ನು ಕೊಡವಿ ನೋಡಿ, ಅಡುಗೆಮನೆಯ ಮೂಲಕ ಬಿಳಿಯರ ಕಡೆಯ ಕೋಣೆಗೆ ಕರೆದೊಯ್ದ. ಒಂದು ಮೇಜು, ಅದರಾಚೆ ಒಂದು ಬೆಂಚು. ನಾನು ನಿಂತೇ ಇರಬೇಕಿತ್ತು. ಜೈಲರ್ ಮೂಲೆಯ ಕುರ್ಚಿಯಲ್ಲಿ ಕೂತು ಚಾಕುವಿನಿಂದ ಸೇಬು ಹಣ್ಣು ಹೆಚ್ಚತೊಡಗಿದ.

ಥರ್ಮನ್‌ನನ್ನು ಕರೆತಂದರು. ತುಟಿ ಒಡೆದಿತ್ತು, ಒಂದು ಕಣ್ಣು ಊದಿತ್ತು. ನನ್ನನ್ನು ಕಂಡು ಬಾಯಿ ತೆರೆದ. ಅವನಿಂದ ಮಾತು ಹೊರಡುವ ಮೊದಲೇ ನಾನು ಶುರುಮಾಡಿದೆ.

"ಚಿಕ್ಕ ಸಾಹೇಬ್ರೇ, ಅಮ್ಮಾವ್ರು ಅಂಗಿ ಕಳ್ಸಿದಾರೆ."

ಗುಂಡಿ ನೋಡಬೇಕೆಂದು ಚಿಕ್ಕಮ್ಮ ಹೇಳಿದ್ದಳು. ಅವನ ಅಂಗಿಯಲ್ಲಿ ಗುಂಡಿಯೇ ಉಳಿದಿರಲಿಲ್ಲ. ಅವನು ಬೆಂಚಿನ ಮೇಲೆ ಕುಸಿದು ಕೂತು ಕೇಳಿದ.

"ಅಮ್ಮ ಹೇಗಿದಾರೆ?"

"ಹುಷಾರಾಗಿದಾರೆ. ನಿಮ್ಮದೇ ಚಿಂತೆ ಅವರಿಗೆ. ಅವತ್ತು ನೀವು ಮಾಡಿದ್ದಕ್ಕೆ ಅಮ್ಮಾವ್ರಿಗೆ ಒಂಚೂರೂ ಕೋಪ ಇಲ್ವಂತೆ. ನೀವು ಹಂಗೇ ಮಾಡ್ಲಿ ಅಂತ ಅವರು ಆ ಹೊತ್ತಲ್ಲಿ ದೇವರನ್ನ ಬೇಡ್ಕೋತಾ ಇದ್ರಂತೆ."

"ಅವರೇ ಹೇಳಿದ್ರಾ ಹಾಗೆ?"

"ಹೂಂ ಸಾಹೇಬ್ರೇ. ಹಣೆ ಮೇಲೆ ಕೈ ಇಟ್ಟಿದ್ದು ಗೊತ್ತಾಯ್ತಂತೆ. ನಿದ್ದೆ ಬರದೇ ಇದ್ದಾಗ ಅದನ್ನೇ ನೆನೆಸ್ಕೋತಾರಂತೆ."

ಮೂಲೆಯಿಂದ ಜೈಲರ್, "ನೋಡಯ್ಯಾ, ಎಂಥಾ ತಾಯಿ. ನಿನ್ನಂಥವನಿಗೆ," ಎಂದು ಹಣ್ಣಿನ ಹೋಳು ಬಾಯಿಗೆ ಹಾಕಿಕೊಂಡ.

"ಯಾವಾಗ ಬರ್ತೀರಿ ಅಂತ ಕೇಳಿದಾರೆ," ಎಂದೆ. ನನ್ನ ದನಿ ಆಳಿನ ದನಿಯಾಗಿ ಉಳಿಯುತ್ತಿರಲಿಲ್ಲ. "ತಡವಾದ್ರೂ ಕಾಯ್ತಾರಂತೆ. ಬೇರೆ ಏನೂ ಬೇಡ್ವಂತೆ. ನಿಮ್ಮ ಪಕ್ಕದಲ್ಲಿ ಕೂತು ಮಾತಾಡಿದ್ರೆ ಸಾಕಂತೆ. ಪ್ರತಿ ಭಾನುವಾರ ನನ್ನನ್ನ ಕಳಿಸ್ತಾರಂತೆ, ಸಾಹೇಬ್ರೇ."

ಹೇಳಬೇಕಾದದ್ದೆಲ್ಲ ಹೇಳಿ ಮುಗಿಸಿದ್ದೆ. ಅವನು ತಲೆಯಾಡಿಸಿದ್ದರೆ ಸಾಕಿತ್ತು. ಮುಂದಿನ ಭಾನುವಾರ ಬರುತ್ತಿದ್ದೆ, ಅದರ ಮುಂದಿನದಕ್ಕೂ ಬರುತ್ತಿದ್ದೆ. ಅವನು ನನ್ನ ಸಮವಸ್ತ್ರವನ್ನು, ಬಿಳಿ ಕೊರಳಪಟ್ಟಿಯನ್ನು, ಮೇಜಿನಾಚೆ ನಿಂತೇ ಇದ್ದ ನನ್ನ ಕಾಲುಗಳನ್ನು ನೋಡಿದ.

"ನನ್ನನ್ನ ಸಾಹೇಬ್ರೇ ಅನ್ಬೇಡ ವರ್ಲೀನ್."

ಜೈಲರ್‌ನ ಚಾಕು ನಿಂತಿತು. ಬೇಡ ಎಂದು ನಾನು ತಲೆಯಾಡಿಸಿದೆ. ಅವನು ಎದ್ದು ನಿಂತು ಜೈಲರ್‌ನತ್ತ ತಿರುಗಿದ.

"ಇವಳು ನಮ್ಮನೆ ಕೆಲಸದವಳಲ್ಲ. ನಮ್ಮನೇಲಿ ಕೆಲಸದವರಿಲ್ಲ. ನಮ್ಮಮ್ಮನೇ ನಿಮ್ಮಂಥವರ ಬಟ್ಟೆ ಒಗೀತಾಳೆ. ಅವತ್ತು ಬಂದಿದ್ಲಲ್ಲ, ನಕ್ಕು ಕಳಿಸಿದ್ರಲ್ಲ, ಅವಳೇ ನಮ್ಮಮ್ಮ. ಇವಳು ನಾನು ಮದುವೆಯಾಗೋ ಹುಡುಗಿ. ಕೂರೋಕೆ ಒಂದು ಕುರ್ಚಿ ಕೊಡಿ ಇವಳಿಗೆ."

ಮದುವೆಯ ಮಾತನ್ನು ಅವನು ಅದುವರೆಗೆ ನನ್ನ ಹತ್ತಿರವೇ ಆಡಿರಲಿಲ್ಲ. ಮೊದಲು ಕೇಳಿಸಿಕೊಂಡವನು ಆ ಜೈಲರ್. ಆ ಭಯದ ನಡುವೆಯೂ ನನಗೆ ಖುಷಿ ಉಕ್ಕಿ ಬಂತು. ಜೈಲರ್ ಹತ್ತಿರ ಬಂದು ಥರ್ಮನ್‌ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಕರಿಯರ ಗುರುತು ಹುಡುಕುತ್ತ ಅವನ ಮೂಗು, ತುಟಿ, ಉಗುರಿನ ಬುಡ ಎಲ್ಲವನ್ನೂ ಸಂತೆಯಲ್ಲಿ ದನ ನೋಡುವವನ ಹಾಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಮುಖದಲ್ಲಿ ಏನು ಕಂಡನೋ, ಅವನಿಗೆ ನಂಬಿಕೆ ಬಂತು.

"ಹಾಗಾದ್ರೆ ನೀನು ನಿಜವಾಗ್ಲೂ..."

"ಮೊದಲ ದಿನದಿಂದ ಹೇಳ್ತಾನೇ ಇದೀನಲ್ಲ."

ಜೈಲರ್‌ನ ಮುಖ ಕೆಂಪೇರಿತು. ಬಿಳಿಯರ ಹಾಸಿಗೆಯಲ್ಲಿ ಕರಿಯ ಮಲಗಿದ್ದ, ಬಿಳಿಯರ ತಟ್ಟೆಯಲ್ಲಿ ಉಂಡಿದ್ದ, ಅದೂ ತನ್ನ ಉಸ್ತುವಾರಿಯಲ್ಲಿ. ಒಳಗಿದ್ದವರನ್ನು ಕೂಗಿ ಕರೆದ. ಅವರು ಬಂದು ಥರ್ಮನ್‌ನ ತೋಳು ತಿರುಚಿ ಹಿಂದಿನ ಬಾಗಿಲತ್ತ ನೂಕಿದರು, ನಮ್ಮವರನ್ನು ಹಾಕುವ ಕಡೆಗೆ. ಬಾಗಿಲಲ್ಲಿ ಅವನು ತಿರುಗಿದ. ನೇರ ನನ್ನ ಕಣ್ಣನ್ನೇ ನೋಡಿ, ಆ ಒಡೆದ ತುಟಿಯಲ್ಲೇ ನಕ್ಕ. ಹಳಿಯ ಈಚೆ ಬೆಂಚಿನ ಮೇಲೆ ಕೂತಿದ್ದಾಗಲೂ ಅವನು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಾಗಿಲು ಮುಚ್ಚಿತು. ಅಂಗಿಗಳು ಮೇಜಿನ ಮೇಲೆಯೇ ಉಳಿದವು.

ಜೈಲರ್ ನೆಲಕ್ಕೆ ಬಿದ್ದಿದ್ದ ಹಣ್ಣನ್ನು ಕಾಲಿನಿಂದ ಸರಿಸಿದ. ನನ್ನನ್ನೂ ಒಳಗೆ ಹಾಕುತ್ತಾನೆಂದುಕೊಂಡೆ. ಆದರೆ ಕರಿಯನಿಗೂ ಕರಿ ಹುಡುಗಿಗೂ ಮದುವೆಯಾದರೆ ಅದನ್ನು ತಡೆಯುವ ಕಾನೂನು ಎಲ್ಲೂ ಇರಲಿಲ್ಲ.

"ಹೊರಡು ಇಲ್ಲಿಂದ," ಎಂದ.

ನಾನು ಅಂಗಿಗಳನ್ನು ಎತ್ತಿಕೊಂಡೆ. ಸರ್ ಅನ್ನಲಿಲ್ಲ. "ಆ ಕಡೆಯವರನ್ನ ನೋಡೋಕೆ ಯಾವ ದಿನ ಬರಬೇಕು?"

"ಯಾವ ಕಡೆ?"

"ನಮ್ಮ ಕಡೆ."

"ಆ ಕಡೆಗೆ ಭೇಟಿ ಅಂತ ಇಲ್ಲ," ಎಂದು ಅವನು ಚಾಕು ಒರೆಸಿಕೊಂಡ.